ಹತ್ತಡಿ ಅಗಲದ ಜೀವನ ಚರಿತ್ರೆ

ಚರಂಡಿಗೆ ಏಳು ಚಪ್ಪಡಿ ಹಾಕುವ ಕೆಲಸಕ್ಕೆ ಗುದ್ದಲಿ ಪೂಜೆ ಆಯಿತಲ್ಲ, ಆ ಫೋಟೋ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಮಂಗಳೂರಿನಲ್ಲಿ ಅದು ಬಾರದ ಗ್ರೂಪ್ ಇಲ್ಲ. ಒಂದು ಹಾರೆ, ಅದಕ್ಕೆ ಕೈ ಹಾಕಿದವರು ಹದಿನೆಂಟು ಮಂದಿ. ಹಾರೆಯ ಹಿಡಿಗೆ ಅರಶಿನ ಕುಂಕುಮ, ಮೇಲಿಂದ ಒಂದು ಚೆಂಡು ಶಂಕರಪುರ ಮಲ್ಲಿಗೆ. ಬಿಳಿ ಪಂಚೆಗೆ ಮಣ್ಣು ತಾಗಬಾರದು ಅಂತ ನೆಲಕ್ಕೆ ಕೆಂಪು ಮ್ಯಾಟ್ ಹಾಸಿದ್ದಾರೆ. ಮ್ಯಾಟಿನ ಮೇಲೆ ನಿಂತು ನೆಲ ಅಗೆಯುವ ವಿದ್ಯೆ ನಮ್ಮ ನಾಯಕರಿಗೆ ಬಿಟ್ಟರೆ ಬೇರೆ ಯಾರಿಗೂ ಬರಲಿಕ್ಕಿಲ್ಲ. ಫೋಟೋವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಹಿಂದೆ ಬಾದಾಮಿ ಮರದ ನೆರಳಿನಲ್ಲಿ ಲುಂಗಿ ಉಟ್ಟ ಇಬ್ಬರು ಸುಮ್ನೆ ನಿಂತಿದ್ದಾರೆ. ಹಾರೆ ಅವರದ್ದು. ಅದು ವಾಪಸ್ ಸಿಕ್ಕದೆ ಅವರ ಕೆಲಸ ಶುರು ಆಗುವ ಹಾಗಿಲ್ಲ.

ಚಪ್ಪಡಿ ಬೇಡ ಅಂತ ನಾನು ಹೇಳುವುದಿಲ್ಲ. ಖಂಡಿತ ಬೇಕು. ನನ್ನ ತಕರಾರು ಇರುವುದು ಪಕ್ಕದ ಫ್ಲೆಕ್ಸಿನ ಬಗ್ಗೆ. ಅದರಲ್ಲಿ ನಮ್ಮ ನಾಯಕರ ಜೀವನ ಚರಿತ್ರೆ ಪೂರ್ತಿ ಉಂಟು. ಅಭಿವೃದ್ಧಿಯ ಹರಿಕಾರ, ಬಡವರ ಬಂಧು, ಕೊಡುಗೈ ದಾನಿ, ಯುವಕರ ಕಣ್ಮಣಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ. ಸರಳತೆಯನ್ನು ಹತ್ತಡಿ ಅಗಲ, ಎಂಟಡಿ ಎತ್ತರದಲ್ಲಿ ಛಾಪಿಸಿ ಎರಡು ಕಂಬಕ್ಕೆ ಕಟ್ಟಿದ್ದಾರೆ. ಒಂದು ಕಂಬ ಬೀದಿದೀಪದ್ದು. ಅದು ಉರಿಯದೆ ಎಷ್ಟೋ ಕಾಲವಾಯಿತು, ಆದರೆ ಫ್ಲೆಕ್ಸ್ ಹೊರಲಿಕ್ಕೆ ಗಟ್ಟಿ ಉಂಟು.

ಕರಾವಳಿಯಲ್ಲಿ ನಾಯಕ ಆಗುವುದು ಅಷ್ಟು ಸುಲಭ ಅಂದುಕೊಳ್ಳಬೇಡಿ. ಬೇರೆ ಕಡೆ ಹಣ ಇದ್ದರೆ ಸಾಕಾಗಬಹುದು. ನಮ್ಮಲ್ಲಿ ಅದಕ್ಕೆ ಒಂದು ಕ್ರಮ ಉಂಟು. ಮೊದಲು ಯುವಕ ಮಂಡಲ, ಅಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟಿಗೆ ಟ್ರೋಫಿ ಕೊಡಿಸಬೇಕು. ಆಮೇಲೆ ಮೊಸರುಕುಡಿಕೆ ಸಮಿತಿ. ಗಣೇಶೋತ್ಸವದಲ್ಲಿ ಜತೆ ಕಾರ್ಯದರ್ಶಿ. ದಸರಾ ಬಂದರೆ ಹುಲಿವೇಷದ ತಂಡಕ್ಕೆ ಖರ್ಚು ಕೊಟ್ಟು, ಹುಲಿಗಳು ಅಂಗಡಿ ಅಂಗಡಿಗೆ ಹೋಗುವಾಗ ತಾಸೆ ವಾದ್ಯ ಬಡಿಯುವವರ ಮುಂದೆ ಕೈಕಟ್ಟಿ ನಡೆಯಬೇಕು. ಕಂಬಳದಲ್ಲಿ ಮೈಕಿನವರು ಒಂದು ಸಲವಾದರೂ ಹೆಸರು ಕೂಗಬೇಕು. ಕಡೆಗೆ ಬರುವುದು ದೇವಸ್ಥಾನದ ಬ್ರಹ್ಮಕಲಶೋತ್ಸವ ಸಮಿತಿ. ಹಸಿರುವಾಣಿ ಹೊರೆಕಾಣಿಕೆ ಮೆರವಣಿಗೆಯಲ್ಲಿ ಕುಂಬಳಕಾಯಿ, ತೆಂಗಿನಕಾಯಿ ತುಂಬಿದ ಪಿಕಪ್‌ಗಳ ಮುಂದೆ ಶಲ್ಯ ಹೊದ್ದು ಬರಿಗಾಲಲ್ಲಿ ನಡೆದು ಬಂದವನಿಗೆ ಟಿಕೆಟ್ ಇಲ್ಲ ಅನ್ನುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ಅಲ್ಲಿಯ ತನಕ ಅವನು ಚರಂಡಿ ಅಂದರೆ ಎಂತ, ನೀರಿನ ಪೈಪ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಪಾಲಿಕೆಯ ಬಜೆಟ್ ಹೇಗೆ ಓದಬೇಕು ಅಂತ ಒಂದು ದಿನ ಯೋಚಿಸಿರಲಿಕ್ಕಿಲ್ಲ. ಅದು ಯಾರೂ ಕೇಳುವುದೂ ಇಲ್ಲ.

ಸಭೆಯ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬಾರದು. ಎಂಟು ಗಂಟೆಗೆ ಯಕ್ಷಗಾನ ಬಯಲಾಟ ಅಂತ ಆಮಂತ್ರಣ ಪತ್ರಿಕೆಯಲ್ಲಿ ಇರುತ್ತದೆ. ಅದಕ್ಕಿಂತ ಮೊದಲು ಸಣ್ಣದೊಂದು ಸಭಾ ಕಾರ್ಯಕ್ರಮ. ವೇದಿಕೆಯಲ್ಲಿ ಎರಡು ಸಾಲು ಕುರ್ಚಿ. ಹಿಂದಿನ ಸಾಲಿನವರಿಗೆ ಮುಂದಿನ ಸಾಲಿನವರ ಮೇಲೆ ಕೋಪ, ಕೆಳಗೆ ಕೂತವರಿಗೆ ಎರಡೂ ಸಾಲಿನವರ ಮೇಲೆ ಕೋಪ. ಸ್ವಾಗತ ಭಾಷಣದವರು ಒಂದು ಹೆಸರು ಬಿಟ್ಟರೆ ಮುಗಿಯಿತು, ಅವರು ಫೋನ್ ಬಂದವರ ಹಾಗೆ ಎದ್ದು ಹೋಗುತ್ತಾರೆ, ಸಮಿತಿಯ ಇಬ್ಬರು ಕಾರಿನ ತನಕ ಹಿಂದೆ ಓಡುತ್ತಾರೆ. ಆಮೇಲೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಮತ್ತು ಆ ಪೇಟ. ಈ ರೆಡಿಮೇಡ್ ಪೇಟಕ್ಕೆ ಅಳತೆ ಅಂತ ಒಂದಿಲ್ಲ. ಕೆಲವರಿಗೆ ಕಿವಿಯ ತನಕ ಇಳಿಯುತ್ತದೆ, ಕೆಲವರಿಗೆ ನೆತ್ತಿಯ ಮೇಲೆ ಕೂತು ಈಗ ಬೀಳುತ್ತೇನೆ ಆಗ ಬೀಳುತ್ತೇನೆ ಅನ್ನುತ್ತದೆ. ಫೋಟೋ ತೆಗೆದ ಕೂಡಲೇ ಒಬ್ಬ ಹುಡುಗ ಬಂದು ಅದನ್ನು ಕಳಚಿಕೊಂಡು ಹೋಗಿ ಮುಂದಿನವರ ತಲೆಗೆ ಇಡುತ್ತಾನೆ, ಯಾಕೆಂದರೆ ಸಮಿತಿ ತಂದದ್ದು ನಾಲ್ಕೇ ಪೇಟ. ಇನ್ನು ನಮ್ಮ ನಾಯಕರು ಮೈಕ್ ಹಿಡಿದು "ಸಮಯದ ಅಭಾವ ಇರುವುದರಿಂದ ಎರಡೇ ಮಾತು" ಅಂದರೆ ಅನುಭವಸ್ಥರು ಎದ್ದು ಚರುಂಬುರಿ ತಿನ್ನಲಿಕ್ಕೆ ಹೋಗುತ್ತಾರೆ. ಚರುಂಬುರಿ ಮುಗಿಸಿ, ಒಂದು ಚಾ ಕುಡಿದು ಬಂದರೂ ಮೊದಲನೇ ಮಾತೇ ನಡೆಯುತ್ತಿರುತ್ತದೆ. ಅತ್ತ ಬಣ್ಣ ಹಚ್ಚುವ ಚೌಕಿಯಲ್ಲಿ ಮಹಿಷಾಸುರ ಕೊಂಬು ಕಟ್ಟಿಕೊಂಡು, ದೊಂದಿ ಹಿಡಿಯುವವರನ್ನು ಜೊತೆಗೆ ಇಟ್ಟುಕೊಂಡು ಕಾಯುತ್ತಿರುತ್ತಾನೆ. ಮೂರು ಲೋಕ ನಡುಗಿಸಿದವನು ವಂದನಾರ್ಪಣೆ ಮುಗಿಯದೆ ರಂಗಕ್ಕೆ ಬರುವ ಹಾಗಿಲ್ಲ.

ಇರಲಿ. ಜೀವನ ಚರಿತ್ರೆಗೆ ಬರೋಣ.

ಗೆದ್ದ ಮೇಲಿನ ಭಾಗ ಫ್ಲೆಕ್ಸಿನಲ್ಲಿ ಬಹಳ ಚೊಕ್ಕ ಉಂಟು. ಹೈಮಾಸ್ಟ್ ದೀಪ, ಇಂಟರ್‌ಲಾಕ್, ಬಸ್ ತಂಗುದಾಣ. ತಂಗುದಾಣದಲ್ಲಿ ನಾಯಕರ ಹೆಸರಿನ ಅಕ್ಷರ ಮೊಣಕೈ ಉದ್ದ, ಊರಿನ ಹೆಸರಿನ ಅಕ್ಷರ ಬೆರಳುದ್ದ. ದೂರದಿಂದ ಬಂದವರು ಇದು ಯಾವ ಸ್ಟಾಪ್ ಅಂತ ಕೇಳಿದರೆ ನಾಯಕರ ಹೆಸರು ಹೇಳಬೇಕು. ಸಿಟಿ ಬಸ್ ನಿಲ್ಲುವುದು ಅಲ್ಲಿಂದ ಇನ್ನೂ ಮೂವತ್ತು ಹೆಜ್ಜೆ ಮುಂದೆ, ಮಳೆಯಲ್ಲಿ. ಅದು ಬೇರೆ ವಿಷಯ.

ಪಾಲಿಕೆಯಲ್ಲಿ 60 ವಾರ್ಡು. ಮೇಯರ್ ಅವಧಿ ಒಂದು ವರ್ಷ. ಮೊದಲ ಮೂರು ತಿಂಗಳು ಅಭಿನಂದನೆ ಸ್ವೀಕಾರ, ಕೊನೆಯ ಮೂರು ತಿಂಗಳು ಬೀಳ್ಕೊಡುಗೆ ಸ್ವೀಕಾರ, ನಡುವೆ ಮಳೆಗಾಲ. ಪಾಪ, ಕೆಲಸ ಯಾವಾಗ ಮಾಡುವುದು? 2019ರ ನವೆಂಬರಿನಲ್ಲಿ ನಾವು ಕ್ಯೂ ನಿಂತು ಓಟು ಹಾಕಿದೆವು. ಮೇಯರ್ ಕುರ್ಚಿಯಲ್ಲಿ ಕೂರುವಾಗ 2020ರ ಫೆಬ್ರವರಿ ಮುಗಿಯುತ್ತ ಬಂದಿತ್ತು. 2025ರ ಫೆಬ್ರವರಿಗೆ ಅವಧಿ ಮುಗಿಯಿತು, ಆಡಳಿತಾಧಿಕಾರಿ ಬಂದರು. ತಮಾಷೆ ಎಂತ ಅಂದರೆ, ಪರಿಷತ್ತು ಇಲ್ಲದಾಗ ನಮ್ಮ ಬೀದಿಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ನಲ್ಲಿಯಲ್ಲಿ ಮೊದಲಿನ ಹಾಗೆಯೇ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗೊತ್ತಾದದ್ದು ಫ್ಲೆಕ್ಸ್ ಅಂಗಡಿಯವನಿಗೆ ಮಾತ್ರ. ಹಳೇ ಡಿಸೈನಿಗೆ ಹೆಸರಿನ ಮುಂದೆ "ನಿಕಟಪೂರ್ವ" ಸೇರಿಸಲಿಕ್ಕೆ ಎಲ್ಲರೂ ಒಟ್ಟಿಗೆ ಬಂದರಂತೆ.

ಈ ಫ್ಲೆಕ್ಸಿನ ಮೂಲೆಯಲ್ಲಿ ಹಿರಿಯರ ಸಣ್ಣ ಸಣ್ಣ ಫೋಟೋಗಳೂ ಇದ್ದವು. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡವು. ಕರಾವಳಿ ಕಟ್ಟಿದ ಮಹನೀಯರ ಹಾದಿಯಲ್ಲಿ ನಮ್ಮ ನಾಯಕರು ನಡೆಯುತ್ತಿದ್ದಾರೆ ಅಂತ ಕೆಳಗೆ ಬರೆದಿತ್ತು. ನನಗೆ ತಲೆ ಬಿಸಿ ಆದದ್ದು ಇಲ್ಲಿ.

ಒಂದು ಫೋಟೋ ಡಾ. ವಿ.ಎಸ್. ಆಚಾರ್ಯರದ್ದು. ಅವರು 1968ರಲ್ಲಿ ಉಡುಪಿ ಪುರಸಭೆಯ ಅಧ್ಯಕ್ಷರಾದರು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ವೃತ್ತಿಯಲ್ಲಿ ವೈದ್ಯರು. ಮನುಷ್ಯರು ಮನುಷ್ಯರ ಮಲ ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದ ಪದ್ಧತಿಯನ್ನು ಉಡುಪಿಯಲ್ಲಿ ನಿಲ್ಲಿಸಿದ್ದು ಅವರ ಕಾಲದಲ್ಲಿ, ದೇಶದ ಎಷ್ಟೋ ಊರುಗಳಲ್ಲಿ ಅದು ಇನ್ನೂ ನಡೆಯುತ್ತಿದ್ದಾಗ. ಯೋಚಿಸಿ ನೋಡಿ, ಇದನ್ನು ಫ್ಲೆಕ್ಸಿಗೆ ಹಾಕುವುದು ಹೇಗೆ? ಎಂತದಕ್ಕೆ ಟೇಪ್ ಕತ್ತರಿಸುವುದು? ಕಕ್ಕಸು ಗುಂಡಿಯ ಮುಂದೆ ಕೆಂಪು ಮ್ಯಾಟ್ ಹಾಸಲಿಕ್ಕೆ ಆಗುತ್ತದಾ? ರಾಜಕೀಯ ಜೀವನವನ್ನು ಅಲ್ಲಿಂದ ಶುರು ಮಾಡು ಅಂತ ಇವತ್ತಿನ ಯಾವುದಾದರೂ ಯುವ ನಾಯಕನಿಗೆ ಹೇಳಿದರೆ ಅವನು ಮೂಗು ಮುಚ್ಚಿಕೊಂಡು ನೇರ ಹುಲಿವೇಷದ ಕಡೆ ಓಡುತ್ತಾನೆ. ಆಚಾರ್ಯರನ್ನು ದೇವರು ಮಾಡಬೇಕಾಗಿಲ್ಲ. ಮುಂದೆ ಅವರು ಗೃಹಮಂತ್ರಿ ಆಗಿದ್ದಾಗಲೇ ಮಂಗಳೂರಿನಲ್ಲಿ 2008ರ ಚರ್ಚ್ ದಾಳಿಗಳು ನಡೆದವು, 2009ರಲ್ಲಿ ಪಬ್ ದಾಳಿ ನಡೆಯಿತು. ಆ ಲೆಕ್ಕವೂ ಅವರ ಖಾತೆಯಲ್ಲೇ ಉಂಟು. ಆದರೆ ಆ ಖಾತೆಯಲ್ಲಿ ಜಮೆ ಅಂತ ತೋರಿಸಲಿಕ್ಕೆ ಒಂದು ಊರಿನ ಚರಂಡಿ ಕೆಲಸ ಉಂಟಲ್ವಾ? ನಮ್ಮವರದ್ದು ಏಳು ಚಪ್ಪಡಿ.

ಇನ್ನೊಂದು ಅಂಚೆಚೀಟಿ ನಮ್ಮ ಕಡೆಯ ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರದ್ದು. ಬಜಪೆಯ ವಿಮಾನ ನಿಲ್ದಾಣ, 1960ರಲ್ಲಿ ಶುರುವಾದ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಕರಾವಳಿ ಉದ್ದಕ್ಕೆ ಹೋಗುವ ಹೆದ್ದಾರಿ, ಪಣಂಬೂರಿನ ಬಂದರು, ಯಾವುದರ ಕಥೆ ಕೇಳಿದರೂ ಮಲ್ಯರ ಹೆಸರು ಬರುತ್ತದೆ. ದೆಹಲಿಗೆ ಹೋಗಿ ಕೂತು ಊರಿಗೆ ತಂದವರು. ಅವರು ತೀರಿಕೊಂಡದ್ದು 1965ರಲ್ಲಿ. ನವಮಂಗಳೂರು ಬಂದರು ಉದ್ಘಾಟನೆ ಆದದ್ದು 1975ರಲ್ಲಿ, ಇಂದಿರಾ ಗಾಂಧಿ ಬಂದು. ಅಂದರೆ ತಾನು ಇರುವ ತನಕ ಟೇಪ್ ಕತ್ತರಿಸಲಿಕ್ಕೆ ಸಿಗದ ಕೆಲಸಕ್ಕೆ ಒಬ್ಬ ರಾಜಕಾರಣಿ ಓಡಾಡಿದ್ದಾರೆ! ಇದು ನಮ್ಮ ನಾಯಕರ ಶಾಸ್ತ್ರಕ್ಕೇ ವಿರುದ್ಧ. ಇವರ ಶಾಸ್ತ್ರದ ಪ್ರಕಾರ ಒಂದು ಕೆಲಸಕ್ಕೆ ಕನಿಷ್ಠ ನಾಲ್ಕು ಕಾರ್ಯಕ್ರಮ ಆಗಬೇಕು. ಮಂಜೂರಾತಿಗೆ ಅಭಿನಂದನೆ, ಗುದ್ದಲಿ ಪೂಜೆ, ಕಾಮಗಾರಿ ವೀಕ್ಷಣೆ, ಲೋಕಾರ್ಪಣೆ. ನಡುವೆ ಸರ್ಕಾರ ಬದಲಾದರೆ ಬೋನಸ್ ಆಗಿ ಇನ್ನೊಂದು ಗುದ್ದಲಿ ಪೂಜೆ, ಹಿಂದಿನವರು ಹೊಡೆದ ಕಾಯಿ ಲೆಕ್ಕಕ್ಕಿಲ್ಲ.

ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ನೆನಪು ಮಾಡಬೇಕಾಗಿಲ್ಲ ಅಂದುಕೊಳ್ಳುತ್ತೇನೆ. ಹತ್ತು ವರ್ಷ ಎಳೆದು 2020ರ ಜನವರಿ 31ಕ್ಕೆ ತೆರೆದರು. ಅಷ್ಟರಲ್ಲಿ ಅದರ ಮೇಲೆ ವಾಹನಗಳಿಗಿಂತ ಮೊದಲು ಜೋಕುಗಳು ಓಡಿ ಆಗಿತ್ತು. ಮಂಗಳೂರಿನವರಿಗೆ ಅದೊಂದು ಅಡ್ವಾಂಟೇಜು, ನಮಗೆ ಕೋಪ ಬರುವುದಿಲ್ಲ, ಮೀಮ್ ಬರುತ್ತದೆ. ಮಳೆ ಬಂದಾಗ ಕೆಳಗೆ ನೀರು ನಿಂತರೆ ದೋಣಿ ಬಿಟ್ಟ ಫೋಟೋ ಮಾಡುತ್ತೇವೆ, ಕೊಟ್ಟಾರ ಚೌಕಿ ಮುಳುಗಿದರೆ ಈಜುವ ಸ್ಪರ್ಧೆ ಅಂತ ಬರೆಯುತ್ತೇವೆ, ನಾನೂ ಫಾರ್ವರ್ಡ್ ಮಾಡುತ್ತೇನೆ, ನಾಯಕರೂ ನೋಡಿ ನಗುತ್ತಾರೆ. ಎಲ್ಲರೂ ನಗುವಾಗ ಯಾರ ಮೇಲೂ ತಪ್ಪು ಬರುವುದಿಲ್ಲ.

ಆದರೆ 2025ರ ಸೆಪ್ಟೆಂಬರಿನಲ್ಲಿ ಕೂಳೂರಿನಲ್ಲಿ ಹೆದ್ದಾರಿ ಗುಂಡಿಯಿಂದ ಸ್ಕೂಟರ್ ಉರುಳಿ ಒಬ್ಬರು ಹೆಂಗಸು ಸತ್ತರಲ್ಲ, ಅದಕ್ಕೆ ಯಾವ ಮೀಮ್ ಮಾಡುವುದು? ಮಲ್ಯರ ಹೆಸರು ಹೇಳುವ ಅದೇ ಹೆದ್ದಾರಿ. ಆಗ ಅದರ ನಂಬರ್ 17 ಅಂತ ಆಗಿತ್ತು, ಈಗ 66. ನಂಬರ್ ಬದಲಾಯಿಸಲಿಕ್ಕೆ ಆಗುತ್ತದೆ, ಟೋಲ್ ಕಟ್ಟಲಿಕ್ಕೆ ಆಗುತ್ತದೆ, ಗುಂಡಿಗೆ ಎರಡು ಬುಟ್ಟಿ ಡಾಂಬರು ಹಾಕಲಿಕ್ಕೆ ಮಾತ್ರ ಮಳೆ ನಿಲ್ಲಬೇಕು, ಟೆಂಡರ್ ಆಗಬೇಕು, ಅದು ರಾಷ್ಟ್ರೀಯ ಹೆದ್ದಾರಿಯವರದ್ದಾ ಪಾಲಿಕೆಯವರದ್ದಾ ಅಂತ ತೀರ್ಮಾನ ಆಗಬೇಕು. ಪಕ್ಷ ಯಾವುದೇ ಇರಲಿ, ಎಲ್ಲರೂ ದುಃಖ ವ್ಯಕ್ತಪಡಿಸುತ್ತಾರೆ. ನನಗೆ ಸಾಕಾಗಿದೆ. ದುಃಖ ವ್ಯಕ್ತಪಡಿಸುವುದು ಒಂದು ಕೆಲಸ ಅಲ್ಲ. ಅದಕ್ಕೆ ನಾವು ಯಾರಿಗೂ ಓಟು ಕೊಡಲಿಲ್ಲ. ಒಂದು ಮನೆಯ ಜನ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರುವ ಹಾಗೆ ರಸ್ತೆ ಇರಬೇಕು, ಇಷ್ಟೇ ಕೇಳುತ್ತಿರುವುದು. ಇದನ್ನು ಬೇಡಿಕೆ ಅಂತ ಕರೆಯಲಿಕ್ಕೇ ನಾಚಿಕೆ ಆಗುತ್ತದೆ.

ಫ್ಲೆಕ್ಸಿನ ಕೆಲಸವನ್ನು ಪೂರ್ತಿ ಹೀಯಾಳಿಸಬಾರದು. ಮೇ ತಿಂಗಳ ಗಾಳಿಗೆ ಒಂದು ಮೂಲೆ ಹರಿದ ಮೇಲೆ ಅದರ ನಿಜವಾದ ಜನಸೇವೆ ಶುರು. ಕಟ್ಟಿಗೆ ರಾಶಿಗೆ ಹೊದಿಕೆ, ಕೋಳಿ ಗೂಡಿಗೆ ಮಾಡು, ಅಡಿಕೆ ಒಣಗಿಸುವಲ್ಲಿ ಮಳೆ ಹನಿಸಿದರೆ ಎಳೆಯಲಿಕ್ಕೆ ಟಾರ್ಪಾಲು. ಬಡವರ ಬಂಧು ಅನ್ನುವುದು ಆಗ ಸುಳ್ಳಲ್ಲ.

ಮೊನ್ನೆ ಅಭಿನಂದನಾ ಸಮಿತಿಯ ಹುಡುಗರು ಮನೆಗೆ ಬಂದಿದ್ದರು. ನಾಯಕರ ಸಾರ್ವಜನಿಕ ಜೀವನಕ್ಕೆ ಇಪ್ಪತ್ತೈದು ವರ್ಷ ತುಂಬುತ್ತದಂತೆ, ಸ್ಮರಣ ಸಂಚಿಕೆ ತರುತ್ತಾರಂತೆ. "ನೀವು ಬರೀತೀರಲ್ಲ ಸರ್, ಎರಡು ಪುಟ ಕೊಡಿ. ಅಣ್ಣನ ಸಾಧನೆ ಬಗ್ಗೆ."

"ಎಂತ ಬರೆಯುವುದು ಮಾರಾಯ್ರೇ? ಒಂದು ಎರಡು ಸಾಧನೆ ನೀವೇ ಹೇಳಿ" ಅಂದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಬಸ್ ತಂಗುದಾಣ ಅಂದ. ಇನ್ನೊಬ್ಬ ಅದು ಹಳೇ ಶಾಸಕರ ಅನುದಾನದ್ದು, ಅಣ್ಣನದ್ದು ಬರೀ ಬಣ್ಣ ಮತ್ತು ಬೋರ್ಡು, ಬರೆದರೆ ಗಲಾಟೆ ಆಗುತ್ತದೆ ಅಂದ. ಮೂರನೆಯವನು ಸ್ವಲ್ಪ ಚುರುಕು. "ಅದೆಲ್ಲ ಬೇಡ ಸರ್, ವ್ಯಕ್ತಿತ್ವದ ಬಗ್ಗೆ ಬರೆಯಿರಿ. ಅಣ್ಣ ಯಾರ ಮನೆಯಲ್ಲಿ ಮದುವೆ ಇದ್ದರೂ ಬರುತ್ತಾರೆ, ಸತ್ತವರ ಬೊಜ್ಜದ ಊಟಕ್ಕೂ ಬರುತ್ತಾರೆ, ಅದು ಹಾಕಿ." ಹೊರಡುವಾಗ ರಸೀದಿ ಪುಸ್ತಕ ತೆಗೆದ. ಲೇಖನ ಆಗದಿದ್ದರೂ ಅಡ್ಡಿಯಿಲ್ಲ, ಅರ್ಧ ಪುಟ ಜಾಹೀರಾತು ಕೊಟ್ಟರೆ ಶುಭ ಕೋರುವವರ ಸಾಲಿನಲ್ಲಿ ನನ್ನ ಫೋಟೋವನ್ನೂ ಹಾಕುತ್ತಾರಂತೆ, ಪೂರ್ತಿ ಪುಟ ಕೊಟ್ಟರೆ ಅಣ್ಣನ ಪಕ್ಕದಲ್ಲೇ.