ಕೀಟನ್ ಹಿತ್ತಲಿನ ರೈಲು

ಮೂಕಿಚಿತ್ರಗಳ ಕಾಲದ ಹಾಸ್ಯನಟ ಬಸ್ಟರ್ ಕೀಟನ್‌ನ ಬಗ್ಗೆ ಬರೆಯುವವರಲ್ಲಿ ಬಹುತೇಕರು ಒಂದೇ ಕತೆಯನ್ನು ಹೇಳುತ್ತಾರೆ. ಆತ 1920ರ ದಶಕದಲ್ಲಿ ಚಾಪ್ಲಿನ್‌ಗೆ ಸರಿಸಾಟಿಯಾಗಿ ಮೆರೆದ, 1928ರಲ್ಲಿ ಎಂಜಿಎಂ ಎಂಬ ದೊಡ್ಡ ಸಿನಿಮಾ ಕಂಪನಿಯ ಸಂಬಳಕ್ಕೆ ಸೇರಿ ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡ, ಕುಡಿತಕ್ಕೆ ಬಿದ್ದ, ಸಂಸಾರ ಮುರಿಯಿತು, ಕೊನೆಗೆ 1933ರಲ್ಲಿ ಕೆಲಸವೂ ಹೋಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅಲ್ಲಿಂದ ಮುಂದೆ ಇನ್ನೂ 33 ವರ್ಷ ಆತ ಬದುಕಿದ್ದನೆಂಬುದನ್ನು ಈ ಕತೆಗಾರರು ಮರೆತೇಬಿಡುತ್ತಾರೆ. ನಗಿಸುವವನ ಬಾಳು ಕಣ್ಣೀರಿನಲ್ಲೇ ಮುಗಿಯಬೇಕೆಂಬ ಹಟ ನಮಗೆ ಎಲ್ಲಿಂದ ಬಂತೋ ತಿಳಿಯದು. ಅಂಥ ಬರಹ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಅವನ ಹಿತ್ತಲಲ್ಲಿ ಓಡುತ್ತಿದ್ದ ಪುಟ್ಟ ರೈಲು.

ಪ್ಯಾರಾಮೌಂಟ್ ಸಂಸ್ಥೆ ಕೀಟನ್‌ನ ಜೀವನವನ್ನು ಸಿನಿಮಾ ಮಾಡುವ ಹಕ್ಕಿಗಾಗಿ ಅವನಿಗೆ 50,000 ಡಾಲರ್ ಕೊಟ್ಟಿತು. 1957ರಲ್ಲಿ ತೆರೆಗೆ ಬಂದ ಆ ಚಿತ್ರದಲ್ಲಿ ನಿಜಕ್ಕಿಂತ ಕಟ್ಟುಕತೆಯೇ ಹೆಚ್ಚು. ಆದರೆ ಆ ಹಣದಿಂದ ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಅವನೂ ಪತ್ನಿ ಎಲೀನರ್‌ಳೂ ಒಂದು ಮನೆಯನ್ನು ಕೊಂಡರು, ಆ ಮನೆಯ ಹಿತ್ತಲಲ್ಲಿ ಅವನು ಹಳಿ ಹಾಸಿದ. ಅತಿಥಿಗಳು ಹೊರಗೆ ಮೇಜಿನ ಸುತ್ತ ಕುಳಿತಿದ್ದರೆ ರೈಲು ಹಾಟ್ ಡಾಗ್‌ಗಳನ್ನೂ ತಂಪು ಪಾನೀಯವನ್ನೂ ಹೊತ್ತು ಅವರ ಬಳಿಗೇ ಬರುತ್ತಿತ್ತು. ಅವನ ಬಾಳನ್ನು ದುರಂತವೆಂದು ತೋರಿಸಿದ ಸಿನಿಮಾದ ದುಡ್ಡಿನಲ್ಲೇ ಈ ರೈಲು ಓಡಿತು ಎಂಬುದು ನನಗಂತೂ ಬಹಳ ಸಂತೋಷ ಕೊಡುವ ವಿಷಯ.

ಇದು ವಯಸ್ಸಾದ ಮೇಲೆ ಹತ್ತಿದ ಹುಚ್ಚಲ್ಲ. 1922ರ ಅವನ ಕಿರುಚಿತ್ರ ‘ದಿ ಎಲೆಕ್ಟ್ರಿಕ್ ಹೌಸ್’ ನೋಡಿದವರಿಗೆ ಈ ರೈಲು ಹಳೆಯ ಪರಿಚಯ. ಸಸ್ಯಶಾಸ್ತ್ರ ಓದಿದ ಹುಡುಗನ ಕೈಗೆ ತಪ್ಪಿ ಎಲೆಕ್ಟ್ರಿಕಲ್ ಎಂಜಿನಿಯರ್‌ನ ಪದವಿಪತ್ರ ಸೇರುತ್ತದೆ. ಅವನು ಶ್ರೀಮಂತನೊಬ್ಬನ ಮನೆಗೆ ವಿದ್ಯುತ್ ಯಂತ್ರಗಳನ್ನೆಲ್ಲ ಅಳವಡಿಸುತ್ತಾನೆ. ಅಡುಗೆಮನೆಯಿಂದ ಊಟದ ಮೇಜಿನವರೆಗೆ ಹಳಿ ಹಾಸಿ, ಬಡಿಸುವ ಕೆಲಸವನ್ನು ಆಟಿಕೆ ರೈಲಿಗೆ ಒಪ್ಪಿಸುತ್ತಾನೆ. ಮುಂದೆ ಅಸಲಿ ಎಂಜಿನಿಯರ್ ಸೇಡಿನಿಂದ ತಂತಿಗಳನ್ನು ಅದಲುಬದಲು ಮಾಡಿದಾಗ ಇಡೀ ಮನೆಗೇ ಹುಚ್ಚು ಹಿಡಿಯುತ್ತದೆ. ಈ ಚಿತ್ರವನ್ನು ಮೊದಲ ಸಲ ತೆಗೆಯಲು ಹೊರಟಾಗ ಚಲಿಸುವ ಮೆಟ್ಟಿಲಿಗೆ ಸಿಕ್ಕಿ ಕೀಟನ್‌ನ ಕಾಲು ಮುರಿದಿತ್ತು. ಆದರೂ ಮರುವರ್ಷ ಮತ್ತೆ ಅದನ್ನೇ ಕೈಗೆತ್ತಿಕೊಂಡ. ನಟನಾಗದಿದ್ದರೆ ಸಿವಿಲ್ ಎಂಜಿನಿಯರ್ ಆಗುತ್ತಿದ್ದೆ ಎಂದು ಅವನು ಹೇಳಿಕೊಳ್ಳುತ್ತಿದ್ದುದರಲ್ಲಿ ಉತ್ಪ್ರೇಕ್ಷೆ ಇರಲಾರದು.

ರೈಲು ಅವನಿಗೆ ಹುಟ್ಟಿನಿಂದಲೇ ಬಂದದ್ದು. ನಾಟಕ ಆಡಿಸುತ್ತ ಊರೂರು ತಿರುಗುತ್ತಿದ್ದ ತಂದೆತಾಯಿಗಳಿಗೆ ಅವನು 1895ರಲ್ಲಿ ಕಾನ್ಸಾಸ್ ರಾಜ್ಯದ ಪಿಕ್ವಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ಅವನ ಬಾಲ್ಯದ ಬಹುಪಾಲು ರಂಗದ ಮೇಲೆ ಮತ್ತು ರೈಲಿನಲ್ಲಿ ಕಳೆಯಿತು. 1923ರ ‘ಅವರ್ ಹಾಸ್ಪಿಟಾಲಿಟಿ’ ಚಿತ್ರಕ್ಕಾಗಿ ಅವನು ರೈಲಿನ ಆರಂಭಕಾಲದ, ಸ್ಟೀಫನ್‌ಸನ್‌ನ ‘ರಾಕೆಟ್’ ಎಂಬ ಉಗಿ ಎಂಜಿನ್ನಿನ ಪ್ರತಿಕೃತಿಯನ್ನು ಮಾಡಿಸಿದ. ಕತೆ ನಡೆಯುವುದು ಅಮೆರಿಕದಲ್ಲಿ, ಎಂಜಿನ್ ಇಂಗ್ಲೆಂಡಿನದು. ನೋಡಲು ಅದೇ ಹೆಚ್ಚು ತಮಾಷೆಯಾಗಿದೆ ಎಂಬುದೇ ಅದನ್ನು ಆರಿಸಿದ್ದಕ್ಕೆ ಕಾರಣ. ಎಂಜಿನ್ ನಡೆಸುವವನು ಅವನ ಸ್ವಂತ ತಂದೆ ಜೋ ಕೀಟನ್. ಹಳಿಯ ಪಕ್ಕ ನಿಂತ ಕತ್ತೆ ಏನು ಮಾಡಿದರೂ ಸರಿಯದಿದ್ದಾಗ ಹಳಿಯನ್ನೇ ಎಳೆದು ಆಚೆ ಸರಿಸುತ್ತಾರೆ. ಹಳಿ ಎಂದರೆ ಕದಲಬಾರದ ವಸ್ತು ಎಂಬುದು ಮನಸ್ಸಿನಲ್ಲಿ ಬೇರೂರಿದವನಿಗಷ್ಟೇ ಇಂಥ ತಮಾಷೆ ಹೊಳೆದೀತು.

ಇಷ್ಟೆಲ್ಲ ಆಟಿಕೆಯ ಮೋಹವಿದ್ದವನು ಸಿನಿಮಾದಲ್ಲಿ ಮಾತ್ರ, ನಿಜವಾದ ರೈಲು ಬೇಕಾದ ಕಡೆ, ಆಟಿಕೆಯನ್ನು ಬಳಸಿ ನೋಡುಗರ ಕಣ್ಣಿಗೆ ಮಣ್ಣೆರಚಲು ಒಪ್ಪಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ನಡೆದ ಎಂಜಿನ್ ಅಪಹರಣವನ್ನು ಆಧರಿಸಿದ ‘ದಿ ಜನರಲ್’ ಚಿತ್ರವನ್ನು ಆರೆಗನ್ ರಾಜ್ಯದ ಕಾಟೇಜ್ ಗ್ರೋವ್ ಬಳಿ 1926ರಲ್ಲಿ ಚಿತ್ರೀಕರಿಸುವಾಗ, ಉರಿಯುವ ಸೇತುವೆಯ ಮೇಲಿಂದ ಅಸಲಿ ಉಗಿಬಂಡಿಯೊಂದನ್ನು ನದಿಗೆ ಬೀಳಿಸಿದ. ಆ ಒಂದು ದೃಶ್ಯಕ್ಕೆ ತಗುಲಿದ ವೆಚ್ಚ ಸುಮಾರು 42,000 ಡಾಲರ್ ಎನ್ನುತ್ತಾರೆ. ಬಿದ್ದ ಎಂಜಿನ್ ಎರಡನೆಯ ಮಹಾಯುದ್ಧದಲ್ಲಿ ಗುಜರಿಗೆ ಹೋಗುವವರೆಗೂ ನದಿಯಲ್ಲೇ ಇತ್ತು.

ನನಗೆ ಇದಕ್ಕಿಂತ ದೊಡ್ಡದೆನಿಸುವುದು ಅದೇ ಚಿತ್ರದ ಸದ್ದಿಲ್ಲದ ಇನ್ನೊಂದು ದೃಶ್ಯ. ಪ್ರೇಯಸಿ ಮುಖ ತಿರುಗಿಸಿ ಹೋದ ಮೇಲೆ ಡ್ರೈವರ್ ಜಾನಿ (ಕೀಟನ್‌ನ ಪಾತ್ರ) ತನ್ನ ಎಂಜಿನ್ನಿನ ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಉಕ್ಕಿನ ತೋಳಿನ ಮೇಲೆ ಮಂಕಾಗಿ ಕುಳಿತಿದ್ದಾನೆ. ಎಂಜಿನ್ ಮೆಲ್ಲಗೆ ಹೊರಡುತ್ತದೆ. ತೋಳು ಅವನನ್ನು ಮೇಲೆತ್ತುತ್ತದೆ, ಕೆಳಗಿಳಿಸುತ್ತದೆ, ಮತ್ತೆ ಎತ್ತುತ್ತದೆ. ಶೆಡ್ಡಿನ ಬಾಗಿಲು ಬರುವವರೆಗೂ ಅವನಿಗೆ ಅದರ ಅರಿವೇ ಇಲ್ಲ. ಉಗಿಯನ್ನು ಒಂದಿಷ್ಟು ಹೆಚ್ಚು ಬಿಟ್ಟರೂ ಚಕ್ರಗಳು ಹಳಿಯ ಮೇಲೆ ಜಾರಿ ಗಿರ್ರನೆ ತಿರುಗುತ್ತವೆ. ಹಾಗಾಗಿದ್ದರೆ ಮೇಲೆ ಕುಳಿತವನ ಜೀವ ಉಳಿಯುತ್ತಿರಲಿಲ್ಲ. ಮುಖದಲ್ಲಿ ದುಃಖವನ್ನೂ ತೋರಿಸದೆ ಅವನು ಹಾಗೆ ಕುಳಿತಿರುವಾಗ, ಸಮಾಧಾನ ಹೇಳುವ ಕೆಲಸವನ್ನು ಎಂಜಿನ್ನೇ ವಹಿಸಿಕೊಂಡಂತೆ ನನಗೆ ತೋರುತ್ತದೆ.

1964ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ಅವನನ್ನು ಮತ್ತೆ ಹಳಿಗೆ ಕರೆಯಿತು. ಜೆರಾಲ್ಡ್ ಪಾಟರ್‌ಟನ್ ನಿರ್ದೇಶಿಸಿದ ‘ದಿ ರೈಲ್‌ರಾಡರ್’ ಮಾತಿಲ್ಲದ ಬಣ್ಣದ ಕಿರುಚಿತ್ರ. ನಮ್ಮಲ್ಲಿ ಹಳಿ ತಪಾಸಣೆಗೆ ಬಳಸುವ ಟ್ರಾಲಿಯಿದೆಯಲ್ಲ, ಅಂಥದೇ ಮೋಟಾರು ಬಂಡಿಯೊಂದನ್ನು ಏರಿ ಕೀಟನ್ ಕೆನಡಾದ ಪೂರ್ವ ಕಡಲಿನಿಂದ ಪಶ್ಚಿಮ ಕಡಲಿಗೆ ಹೋಗುತ್ತಾನೆ. ಆ ಬಂಡಿಯಲ್ಲೊಂದು ಪೆಟ್ಟಿಗೆ. ಕೈ ಹಾಕಿದರೆ ಚಹಾದ ಪರಿಕರ, ಕಂಬಳಿ, ಕ್ಯಾಮೆರಾ, ಬೇಕಾದ್ದೆಲ್ಲ ಸಿಗುತ್ತದೆ. 1922ರಲ್ಲಿ ಮನೆಯೊಳಗೆ ರೈಲು ಓಡಿಸಿದವನು ಈಗ ಹಳಿಯ ಮೇಲೆ ಮನೆ ಹೂಡಿದ್ದಾನೆ. ಎತ್ತರದ ಸೇತುವೆಯ ಮೇಲೆ ದೊಡ್ಡ ನಕ್ಷೆಯೊಂದು ಬಿಚ್ಚಿ ಮುಖ ಮೈ ಎಲ್ಲ ಮುಚ್ಚಿಕೊಳ್ಳುವ ದೃಶ್ಯ ಅಪಾಯಕರವೆಂದು ನಿರ್ದೇಶಕ ಹಿಂಜರಿದಾಗ, ಅರವತ್ತೊಂಬತ್ತರ ಈ ಮುದುಕ ಸಿಟ್ಟಾದದ್ದನ್ನು ಈ ಚಿತ್ರೀಕರಣದ ಬಗ್ಗೆ ಜಾನ್ ಸ್ಪಾಟನ್ ಮಾಡಿದ ಸಾಕ್ಷ್ಯಚಿತ್ರದಲ್ಲಿ ನೋಡಬಹುದು. ಕೊನೆಗೆ ಅವನ ಹಟವೇ ಗೆದ್ದಿತು.

ಪಶ್ಚಿಮದ ಕಡಲು ತಲುಪಿ ಅವನು ಬಂಡಿಯಿಂದಿಳಿದು ನೀರು ನೋಡುತ್ತ ನಿಂತಿರುವಾಗ, ಸಮುದ್ರದಿಂದ ಎದ್ದು ಬಂದ ಜಪಾನೀಯನೊಬ್ಬ ಬಂಡಿಯೇರಿ ಪೂರ್ವಕ್ಕೆ ಹೊರಟುಬಿಡುತ್ತಾನೆ. ಕೀಟನ್ ಮುಖ ಎಂದಿನಂತೆ ಬದಲಾಗುವುದಿಲ್ಲ. ಹಳಿಗಳ ನಡುವೆ ಕಾಲು ಹಾಕುತ್ತ, ಇಡೀ ಕೆನಡಾವನ್ನು ನಡೆದೇ ದಾಟಲು ಹೊರಡುತ್ತಾನೆ.