ಪಹಣಿಯಲ್ಲಿ ಇನ್ನೂ ತಾತನ ಹೆಸರು

ಸಿಂಗಪುರದಲ್ಲಿ ನಮ್ಮ ಪಕ್ಕದ ಮನೆಯ ಚೀನೀ ಅಜ್ಜಿಗೆ ನಾಲ್ಕು ಅಂದರೆ ಆಗುವುದಿಲ್ಲ. ಅದು ಸಾವಿನ ಅಂಕಿ ಅಂತ ಅವರ ಕಡೆಯ ನಂಬಿಕೆ. ಅಂಥವರು ಮೊನ್ನೆ ಲಿಫ್ಟ್ ಹತ್ತಿರ ಸಿಕ್ಕಿ, ಮೊಮ್ಮಗಳ ಮದುವೆಯಾಯಿತಲ್ಲ, ಅದಕ್ಕೇ ವಿಲ್ ಬದಲಾಯಿಸಿ ಬಂದೆ ಅಂದರು. ಸಂತೆಗೆ ಹೋಗಿ ಸೊಪ್ಪು ತಂದೆ ಅನ್ನುವಷ್ಟು ಸಲೀಸಾಗಿ! ನನಗೆ ಖುಷಿಯೂ ಆಯಿತು, ಊರು ನೆನಪಾಗಿ ಹೊಟ್ಟೆಯೂ ಉರಿಯಿತು.

ನಮ್ಮ ಮನೆಯಲ್ಲಿ ಈ ಮಾತೆತ್ತಿ ನೋಡಿ. ಹೋದ ಸಲ ಸಕಲೇಶಪುರಕ್ಕೆ ಹೋದಾಗ, "ದೊಡ್ಡಪ್ಪ, ತೋಟದ ಪತ್ರ ಎಲ್ಲಾ ಸರಿ ಇದೆಯಾ? ವಿಲ್ ಏನಾದ್ರೂ ಬರೆಸಿದ್ದೀರಾ?" ಅಂತ ಕೇಳಿದೆ. ಅಡುಗೆಮನೆಯಿಂದಲೇ ದೊಡ್ಡಮ್ಮ, "ಬಿಡ್ತು ಅನ್ನು! ದೀಪ ಹಚ್ಚೋ ಹೊತ್ತಲ್ಲಿ ಎಂಥಾ ಮಾತೋ ನಿಂದು!" ಅಂದರು. ದೊಡ್ಡಪ್ಪ ಕಾಫಿ ರೇಟಿನ ಮಾತು ತೆಗೆದರು. ಆ ತೋಟದ ಪಹಣಿಯಲ್ಲಿ ಇವತ್ತಿಗೂ ತಾತನ ಹೆಸರೇ ಇದೆ. ತಾತ ಹೋದಾಗ ನಾನಿನ್ನೂ ಪ್ರೈಮರಿ ಸ್ಕೂಲು. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕು ಅನ್ನುತ್ತ ಅನ್ನುತ್ತ ಅಪ್ಪನೂ ಹೋದರು. ಈಗ ವಂಶವೃಕ್ಷ ಮಾಡಿಸಿದರೆ ಅತ್ತೆಯರು, ತೀರಿಹೋದ ಅತ್ತೆಯ ಮಕ್ಕಳು, ಎಲ್ಲರ ಹೆಸರೂ ಬರಬೇಕು. ಒಬ್ಬರು ಮೈಸೂರು, ಒಬ್ಬರು ಪುಣೆ, ಇನ್ನೊಬ್ಬರ ಜೊತೆ ಮಾತುಕತೆಯೇ ಇಲ್ಲ.

ಇಲ್ಲಿ ಸಿಂಗಪುರದಲ್ಲಿ ಸಂಬಳದ ಒಂದು ಪಾಲು ಸಿಪಿಎಫ್‌ಗೆ, ಅಂದರೆ ನಮ್ಮ ಪಿಎಫ್ ಥರದ ಉಳಿತಾಯ ನಿಧಿಗೆ ಹೋಗುತ್ತದೆ. ಆ ಹಣಕ್ಕೆ ವಿಲ್ ನಡೆಯುವುದಿಲ್ಲ, ಬೇರೆಯಾಗಿ ನಾಮಿನೇಷನ್ ಮಾಡಬೇಕು. ಮದುವೆಯಾದರೆ ಹಳೇ ನಾಮಿನೇಷನ್ ತಾನಾಗಿಯೇ ರದ್ದು. ಸಾಮಾನ್ಯವಾಗಿ ಹಳೇ ವಿಲ್ಲೂ ರದ್ದು. ಆದರೆ ವಿಚ್ಛೇದನವಾದರೆ ನಾಮಿನೇಷನ್ ಹಾಗೇ ಉಳಿಯುತ್ತದೆ, ನಾವೇ ನೆನಪಿಟ್ಟು ಬದಲಿಸಬೇಕು. ಹಾಗಾಗಿ ನನಗೆ ಗೊತ್ತಿರುವ ಇಲ್ಲಿನವರು ಮದುವೆ, ಮಗು, ಮನೆ ಅಂತ ಏನಾದರೂ ಆದರೆ ಕಾಗದ ತೆಗೆದು ನೋಡುತ್ತಾರೆ.

ನಮ್ಮಲ್ಲಿ? ಕೆಲಸ ಸಿಕ್ಕ ಹೊಸತರಲ್ಲಿ ಇನ್ಶೂರೆನ್ಸ್ ಮಾಡಿಸಿ ಅಮ್ಮನ ಹೆಸರು ಹಾಕಿರುತ್ತೇವೆ. ಆಮೇಲೆ ಪಾಲಿಸಿ ಬೀರು ಸೇರಿದರೆ ಮುಗೀತು. ನನ್ನ ಚಿಕ್ಕಮ್ಮನ ಅಳಿಯ ಹಠಾತ್ತನೆ ತೀರಿಕೊಂಡಾಗ, ನಾಮಿನಿಯಾಗಿದ್ದ ಅವನ ತಾಯಿ ಹೋಗಿ ಎಷ್ಟೋ ವರ್ಷವಾಗಿತ್ತು. ತಂಗಿ ಚಿಕ್ಕ ಮಗುವನ್ನು ಎತ್ತಿಕೊಂಡು ತಾಲ್ಲೂಕು ಕಚೇರಿ, ವಕೀಲರ ಮನೆ, ಕೋರ್ಟು ಅಂತ ಅಲೆದಳು. ಒಂದೇ ಫಾರಂ ತುಂಬಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಇನ್ನು ನಾಮಿನಿ ಅಂದರೆ ಮಾಲೀಕ ಅಂದುಕೊಂಡವರೇ ಜಾಸ್ತಿ. ಬ್ಯಾಂಕಿನ ಠೇವಣಿಯನ್ನು ನಾಮಿನಿ ಕೈಗೆ ಕೊಡುತ್ತಾರೆ ನಿಜ, ಹಕ್ಕು ಮಾತ್ರ ವಾರಸುದಾರರದ್ದು.

ವಿಲ್ ಬರೆಯುವುದು ಕಷ್ಟವೂ ಅಲ್ಲ, ಖರ್ಚೂ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಮಾಡಿಸಿದರೆ ಒಳ್ಳೆಯದು, ಕಡ್ಡಾಯವಲ್ಲ. ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದ್ದೇ ನಡೆಯುವುದು. ಇಷ್ಟು ಸುಲಭ ಇಟ್ಟುಕೊಂಡೂ ಯಾಕೆ ಸುಮ್ನೆ ಕೂರಬೇಕು?

ಒಂದು ಮಾತು ಒಪ್ಪಲೇಬೇಕು. ಸಿಂಗಪುರದಲ್ಲಿ ಸಾಮಾನ್ಯವಾಗಿ ವಿಲ್ ಬರೆಯದೆ ಸತ್ತರೆ ಹೆಂಡತಿಗೆ ಅರ್ಧ, ಮಕ್ಕಳಿಗೆ ಅರ್ಧ. ಹೆತ್ತ ತಾಯಿಗೆ ಬಿಡಿಗಾಸಿಲ್ಲ. ನಮ್ಮ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಹೆಂಡತಿಗೆ, ಒಬ್ಬೊಬ್ಬ ಮಗುವಿಗೆ ಎಷ್ಟೋ ತಾಯಿಗೂ ಅಷ್ಟೇ ಪಾಲು. ಇದನ್ನು ಓದಿದಾಗ ನಮ್ಮ ಕಾನೂನಿನ ಮೇಲೆ ಅಭಿಮಾನ ಬಂತು. ತಂಗಿಯ ಜೊತೆ ಕೋರ್ಟು ಕಚೇರಿ ಸುತ್ತಿದ್ದು ಅವಳ ಮೈದುನ, ಅದೂ ಕೆಲಸಕ್ಕೆ ರಜೆ ಹಾಕಿ. ಯಾರೂ ಕರೆಯದೆ ಬಂದು ನಿಲ್ಲುವ ಅಂಥ ಜನ ಇಲ್ಲಿ ನನಗೆ ಎಲ್ಲಿ ಸಿಗಬೇಕು?

ಆದರೆ ಅವನು ವಾರಸುದಾರನಲ್ಲ. ಕೌಂಟರಿನಲ್ಲಿ ಅವನ ಸಹಿ ನಡೆಯಲಿಲ್ಲ. ಪ್ರತಿ ಸಲವೂ ಮಗುವನ್ನು ಅವನ ಕೈಗೆ ಕೊಟ್ಟು, ಕ್ಯೂನಲ್ಲಿ ನಿಂತವಳು ತಂಗಿಯೇ.