ನೀಲಿ ಪರದೆ ಕಂಡರೆ ಫಾರ್ಮ್ಯಾಟ್ ಒಂದೇ ದಾರಿಯೇ?

ಕಂಪ್ಯೂಟರ್ ಶುರುವಾಗುವಾಗಲೇ ನೀಲಿ ಪರದೆ ಬಂದು ನಿಂತರೆ ವೈರಸ್ ಹೊಕ್ಕಿದೆ ಎಂದೇ ಅರ್ಥ, ಕೂಡಲೇ ಫಾರ್ಮ್ಯಾಟ್ ಮಾಡಿಸಬೇಕು (ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿಹಾಕಬೇಕು) ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಹಂಚುವವರ ಉದ್ದೇಶ ಒಳ್ಳೆಯದೇ. ಮಾಹಿತಿ ಮಾತ್ರ ಸರಿಯಲ್ಲ.

ತಾನು ಸುರಕ್ಷಿತವಾಗಿ ನಿಭಾಯಿಸಲಾಗದ ದೋಷ ಎದುರಾದಾಗ, ಒಳಗಿನ ಮಾಹಿತಿ ಕೆಡದಿರಲೆಂದು ವಿಂಡೋಸ್ ತಾನೇ ಕೆಲಸ ನಿಲ್ಲಿಸಿ ಆ ಪರದೆಯನ್ನು ತೋರಿಸುತ್ತದೆ. ವೈರಸ್ ಒಂದು ಕಾರಣವಾಗಿರಬಹುದಾದರೂ, ಹೊಂದದ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ), ಸಡಿಲವಾದ ರ‍್ಯಾಮ್ (ತಾತ್ಕಾಲಿಕ ನೆನಪಿನ ಚಿಪ್), ಹಾಳಾಗುತ್ತಿರುವ ಡಿಸ್ಕ್, ಅತಿಯಾದ ಬಿಸಿ ಇವೂ ಕಾರಣವಾಗಿರಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ, ಅದಿರಿನ ಕೆಂಧೂಳು ಏಳುವ ಬಳ್ಳಾರಿಯ ಕಡೆಯಲ್ಲಿ, ಪ್ಲಗ್ ತೆಗೆದು ಫ್ಯಾನಿಗೆ ಮೆತ್ತಿದ ಧೂಳನ್ನು ಮೊದಲು ನೋಡುವುದು ಲೇಸು.

ಸಂದೇಶವನ್ನು ಪರೀಕ್ಷಿಸಲು ತಜ್ಞರೇ ಬೇಕಿಲ್ಲ. ಪರದೆಯ ಮೇಲಿನ ಸ್ಟಾಪ್ ಕೋಡಿನ (ದೋಷವನ್ನು ಗುರುತಿಸುವ ಸಂಕೇತದ) ಫೋಟೊ ತೆಗೆದುಕೊಂಡು, ಮೈಕ್ರೋಸಾಫ್ಟ್‌ನ ಸಹಾಯ ಪುಟಗಳಲ್ಲಿ ಅದರ ಅರ್ಥವನ್ನು ಹುಡುಕಬಹುದು. ವಿಂಡೋಸ್ 10 ಅಥವಾ 11 ಸತತ ಕೆಲವು ಬಾರಿ ಶುರುವಾಗದಿದ್ದರೆ ಸಾಮಾನ್ಯವಾಗಿ ರಿಪೇರಿಯ ಪರದೆ ತಾನಾಗಿ ತೆರೆಯುತ್ತದೆ. ಅಲ್ಲಿಂದ ಸೇಫ್ ಮೋಡ್‌ಗೆ ಹೋಗಬಹುದು. ಸೇಫ್ ಮೋಡ್‌ನಲ್ಲಿ ಅತ್ಯಗತ್ಯ ಡ್ರೈವರ್‌ಗಳಷ್ಟೇ ಲೋಡ್ ಆಗುವುದರಿಂದ, ಯಂತ್ರ ಅಲ್ಲಿ ನೆಟ್ಟಗೆ ನಡೆದರೆ ಇತ್ತೀಚೆಗೆ ಹಾಕಿದ ಡ್ರೈವರ್ ಅಥವಾ ತಂತ್ರಾಂಶದ ಮೇಲೆಯೇ ಸಂಶಯ ಪಡಬೇಕು.

ರ‍್ಯಾಮ್ ಕೆಟ್ಟಿದ್ದರೆ ಎಷ್ಟು ಸಲ ಫಾರ್ಮ್ಯಾಟ್ ಮಾಡಿಸಿದರೂ ನೀಲಿ ಪರದೆ ಮರಳಿ ಬರುತ್ತದೆ. ಅಳಿಸಿಹೋದ ಮಕ್ಕಳ ಫೋಟೊಗಳು, ಜಮೀನಿನ ಕಾಗದಗಳ ಪ್ರತಿಗಳು ಹಾಗೆ ಮರಳುವುದಿಲ್ಲ. ಫಾರ್ಮ್ಯಾಟ್ ನಿಜಕ್ಕೂ ಅನಿವಾರ್ಯವಾದರೆ, ಅದಕ್ಕೂ ಮುನ್ನ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಕಡತಗಳನ್ನು ನಕಲು ಮಾಡಿಕೊಡುವಂತೆ ರಿಪೇರಿ ಅಂಗಡಿಯವರನ್ನು ಕೇಳಬಹುದು. ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ಬಿಟ್‌ಲಾಕರ್ ಇದ್ದಲ್ಲಿ ಅದರ ರಿಕವರಿ ಕೀ (ಆ ಬೀಗ ತೆರೆಯುವ ಸಂಖ್ಯೆ) ಬೇಕಾಗುತ್ತದೆ.